ಪಿತ್ತನಾಳದ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ

ಊರಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಎಂದು ತಿಳಿದರೆ ಮುಂಬಯಿ, ಪುಣೆಯಲ್ಲಿರುವ ನಮ್ಮಂಥವರಿಗೆ ಮೊದಲು ಬರುವುದು ವಾಟ್ಸಾಪ್‌ನಲ್ಲಿ ರಿಪೋರ್ಟಿನ ಒಂದು ಫೋಟೋ. ಅದರ ಕೆಳಗೆ, "ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳು" ಎಂಬ ಒಂದು ಸಾಲು. ನಾವು ಡಾಕ್ಟರರಲ್ಲ. ಬ್ಯಾಂಕಿನಲ್ಲೋ, ಹೋಟೆಲಿನಲ್ಲೋ, ಕಂಪನಿಯಲ್ಲೋ ದುಡಿಯುವವರು. ಆದರೂ ಇಂಗ್ಲಿಷ್ ಓದಲು ಬರುತ್ತದೆ, ದೊಡ್ಡ ಆಸ್ಪತ್ರೆಗಳು ಹತ್ತಿರದಲ್ಲಿವೆ ಎಂಬ ಕಾರಣಕ್ಕೆ ಮನೆಮಂದಿಯ ಪಾಲಿಗೆ ಅರ್ಧ ಡಾಕ್ಟರರಾಗಿ ಬಿಡುತ್ತೇವೆ. ಅಂಥ ರಿಪೋರ್ಟುಗಳಲ್ಲಿ ಒಂದು ಜಾತಿಯದ್ದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪಿತ್ತನಾಳದಲ್ಲಿ ತಡೆ ಇದೆ, ಕ್ಯಾನ್ಸರ್ ಇರುವಂತೆ ಕಾಣುತ್ತದೆ ಎಂದು ಹೇಳುವ ರಿಪೋರ್ಟ್ ಅದು.

ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಗಂಡನಿಗೆ ಅಂಥದ್ದೊಂದು ರಿಪೋರ್ಟ್ ಬಂತು. ಭಾವನಿಗೆ ಆಗ 62 ವರ್ಷ. ಉಡುಪಿಯ ಹತ್ತಿರ ಚಿಕ್ಕ ಜೀನಸಿನ ಅಂಗಡಿ ಇಟ್ಟುಕೊಂಡಿದ್ದವರು. ಕುಡಿತ ಇಲ್ಲ, ಬೀಡಿ ಸಿಗರೇಟು ಇಲ್ಲ. ಮೊದಲು ಮೈ ತುರಿಕೆ ಶುರುವಾಯಿತು. ಸೋಪು ಬದಲಾಯಿಸಿದರು. ಆಮೇಲೆ ಮೂತ್ರ ಕಡು ಹಳದಿಯಾಯಿತು, ಮಲ ಬಿಳಿಚಿಕೊಂಡು ಸೇಡಿಮಣ್ಣಿನ ಬಣ್ಣಕ್ಕೆ ಬಂತು, ಕಣ್ಣು ಹಳದಿಯಾಯಿತು. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಕಾಮಾಲೆಯ ನಾಟಿ ಮದ್ದು. ನೆಲನೆಲ್ಲಿ ರಸ, ಪಥ್ಯ, ಉಪ್ಪಿಲ್ಲದ ಗಂಜಿ ಎಂದು ಮೂರು ವಾರ ಕಳೆಯಿತು. ತೂಕ ಆರು ಕಿಲೋ ಇಳಿಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿಲಿರುಬಿನ್ 14. ಸಾಧಾರಣವಾಗಿ ಅದು 1ರ ಆಸುಪಾಸಿನಲ್ಲಿರಬೇಕು.

ಸ್ಕ್ಯಾನ್ ಆಯಿತು. ಯಕೃತ್ತಿನ ಬಾಗಿಲಲ್ಲಿ ಪಿತ್ತನಾಳ ಬಿಗಿದುಕೊಂಡಿದೆ, ಅಲ್ಲಿ ಗೋಡೆ ದಪ್ಪಗಾಗಿದೆ, ಪಿತ್ತನಾಳದ ಕ್ಯಾನ್ಸರ್ ಎಂಬ ಸಂಶಯ ಎಂದು ವರದಿ ಹೇಳಿತು. ಕ್ಯಾನ್ಸರಿನ ಸೂಚಕವೆಂದು ಮಾಡಿಸುವ ಸಿಎ 19-9 ಎಂಬ ರಕ್ತ ಪರೀಕ್ಷೆ 37ರ ಒಳಗಿರಬೇಕಾದದ್ದು 480 ಇತ್ತು.

ಆ ಒಂದು ವಾರದಲ್ಲಿ ಊರಿನ ಮನೆಯಲ್ಲಿ ಏನೇನು ಆಯಿತು ಎಂಬುದು ನನಗೆ ಫೋನಿನಲ್ಲೇ ಗೊತ್ತಾಗುತ್ತಿತ್ತು. ಭಾವನಿಗೆ ಹೇಳುವುದು ಬೇಡ ಎಂದು ಮಕ್ಕಳು ತೀರ್ಮಾನಿಸಿದರು. ಮಗಳ ಮದುವೆಯನ್ನು ಮುಂದಕ್ಕೆ ಹಾಕದೆ ಆದಷ್ಟು ಬೇಗ ಮುಗಿಸಿಬಿಡೋಣ ಎಂಬ ಮಾತು ಬಂತು. ಅಂಗಡಿಯನ್ನು ಮಗನ ಹೆಸರಿಗೆ ಮಾಡಿಸುವ ಕಾಗದ ತಯಾರಾಯಿತು. ಹತ್ತಿರದ ಸಂಬಂಧಿಯೊಬ್ಬರು, "ಈ ಕ್ಯಾನ್ಸರಿಗೆ ಮದ್ದಿಲ್ಲ, ಸುಮ್ಮನೆ ದುಡ್ಡು ಸುರಿಯಬೇಡಿ" ಎಂದರು. ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ನೀನು ಸರಿಯಾಗಿ ಓದು ಮಾರಾಯ. ನಿಜವಾಗಿ ಎಂತ ಬರೆದಿದೆ ಅಂತ ಹೇಳು."

ವರದಿಯ ಭಾಷೆ

ಸ್ಕ್ಯಾನ್ ವರದಿಯ ಕೊನೆಗೆ 'ಇಂಪ್ರೆಶನ್' ಎಂಬ ಭಾಗ ಇರುತ್ತದೆ. ನಾವೆಲ್ಲ ನೇರವಾಗಿ ಓಡುವುದು ಅಲ್ಲಿಗೆ. ಅಲ್ಲಿ 'ಸಜೆಸ್ಟಿವ್ ಆಫ್', 'ಸಸ್ಪಿಶಿಯಸ್ ಫಾರ್', 'ಲೈಕ್ಲಿ' ಎಂಬಂಥ ಮಾತುಗಳಿರುತ್ತವೆ. ರೇಡಿಯಾಲಜಿ ಡಾಕ್ಟರರು ಇವನ್ನು ತೂಗಿ ಬರೆಯುತ್ತಾರೆ. ಇವು ಸಂಶಯದ ಬೇರೆ ಬೇರೆ ಮೆಟ್ಟಿಲುಗಳು. ಕನ್ನಡಕ್ಕೆ ಬರುವಾಗ ಈ ಮೆಟ್ಟಿಲುಗಳೆಲ್ಲ ಕುಸಿದು 'ಕ್ಯಾನ್ಸರ್ ಅಂತೆ' ಎಂಬ ಒಂದೇ ಮಾತಾಗುತ್ತದೆ. 'ಗಡ್ಡೆ' ಎಂಬ ಶಬ್ದವೂ ಹಾಗೆಯೇ. ಗಡ್ಡೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮುಂದಿನ ಮಾತು ನಿಂತುಹೋಗುತ್ತದೆ.

ಇಂಥ ವರದಿಗಳ ಕಡೆಯಲ್ಲಿ 'ಹಿಸ್ಟೋಪೆಥಾಲಜಿಕಲ್ ಕೋರಿಲೇಶನ್' ಬೇಕು ಎಂಬ ಒಂದು ಸಾಲು ಇರುವುದುಂಟು. ಭಾವನ ವರದಿಯಲ್ಲೂ ಇತ್ತು. ಆ ಭಾಗದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ ಮೇಲೆ ಇದನ್ನು ಅದರೊಂದಿಗೆ ಹೊಂದಿಸಿ ನೋಡಿ ಎಂದು ಅದರ ಅರ್ಥ. ಸ್ಕ್ಯಾನ್ ಮಾಡಿದವರೇ ತಮ್ಮ ಮಾತು ಕೊನೆಯದಲ್ಲ ಎಂದು ಬರೆದುಕೊಟ್ಟಿರುತ್ತಾರೆ. ಅಕ್ಕನಿಗೆ ನಾನು ಓದಿ ಹೇಳಿದ್ದು ಈ ಸಾಲನ್ನು. ಸಮಾಧಾನಕ್ಕಾಗಿ ಹೇಳಿದ್ದಲ್ಲ, ಅಲ್ಲಿ ಬರೆದಿದ್ದೇ ಅದು.

ಮೂರು ದಿನ ಬಿಟ್ಟು ಭಾವ, ಅಕ್ಕ, ಅವರ ಮಗ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಕುರ್ಲಾಕ್ಕೆ ಬಂದಿಳಿದರು.

ಅಲ್ಲಿ ಏನಾಗುತ್ತದೆ?

ಯಕೃತ್ತು, ಅಂದರೆ ನಮ್ಮ ಲಿವರ್, ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಒಳಗಿನ ಸಣ್ಣ ಸಣ್ಣ ನಾಳಗಳು ಹಳ್ಳಗಳು ಹೊಳೆಗೆ ಸೇರುವ ಹಾಗೆ ಸೇರುತ್ತಾ ಬಂದು ಎಡ ಮತ್ತು ಬಲ ಎಂದು ಎರಡಾಗುತ್ತವೆ. ಆ ಎರಡೂ ಯಕೃತ್ತಿನ ಬಾಗಿಲಲ್ಲಿ ಕೂಡಿ ಒಂದೇ ನಾಳವಾಗಿ ಕೆಳಗಿಳಿಯುತ್ತವೆ. ಪಿತ್ತಕೋಶದ ನಾಳ ನಡುವೆ ಬಂದು ಸೇರುತ್ತದೆ. ಕೊನೆಯಲ್ಲಿ ಅದು ಮೇದೋಜೀರಕ ಗ್ರಂಥಿಯ ತಲೆಯೊಳಗಿಂದ ಹಾದು ಸಣ್ಣ ಕರುಳಿಗೆ ತೆರೆದುಕೊಳ್ಳುತ್ತದೆ. ಈ ಮುಖ್ಯ ನಾಳದ ಅಗಲ ಸುಮಾರು 6 ಮಿಲಿಮೀಟರ್. ನಾವು ಬರೆಯುವ ಪೆನ್ಸಿಲಿಗಿಂತ ಕಡಿಮೆ.

ಇಷ್ಟು ಸಣ್ಣ ದಾರಿಯಲ್ಲಿ ಎಲ್ಲಿ ತಡೆಯಾದರೂ ಪಿತ್ತರಸ ಹಿಂದಕ್ಕೆ ತುಂಬಿ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈಯೆಲ್ಲ ತುರಿಕೆ. ಕರುಳಿಗೆ ಪಿತ್ತ ಇಳಿಯದ ಕಾರಣ ಮಲ ಬಿಳಿಚುತ್ತದೆ, ಕೊಬ್ಬು ಜೀರ್ಣವಾಗುವುದಿಲ್ಲ, ವಿಟಮಿನ್ ಕೆ ಸಿಗದೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಇದು ವೈರಸ್ಸಿನಿಂದ ಬರುವ ಕಾಮಾಲೆಯಲ್ಲ. ಆ ಕಾಮಾಲೆ ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ನಾಟಿ ಮದ್ದಿಗೆ ಹೋಗುತ್ತದೆ. ತಡೆಯ ಕಾಮಾಲೆಗೆ ಮದ್ದು ಕುಡಿಯುತ್ತಾ ಕುಳಿತರೆ ಕಳೆದುಹೋಗುವುದು ಸಮಯ.

ತಡೆ ಯಾವುದರಿಂದಲೂ ಆಗಬಹುದು. ಹೊರಗೆ ಕಾಣುವ ಲಕ್ಷಣ ಮಾತ್ರ ಒಂದೇ. ಸ್ಕ್ಯಾನಿನಲ್ಲಿ ಕಾಣುವುದೂ ಬಹುಮಟ್ಟಿಗೆ ಒಂದೇ: ಮೇಲೆ ಉಬ್ಬಿದ ನಾಳಗಳು, ನಡುವೆ ಬಿಗಿದ ಜಾಗ, ದಪ್ಪಗಾದ ಗೋಡೆ.

ವೇಷ ತೊಟ್ಟ ಕಾಯಿಲೆಗಳು

ಎಡ ಬಲ ನಾಳಗಳು ಕೂಡುವ ಜಾಗದಲ್ಲಿ ಬರುವ ಕ್ಯಾನ್ಸರನ್ನು ಈಗಲೂ ಎಷ್ಟೋ ಡಾಕ್ಟರರು 'ಕ್ಲಾಟ್‌ಸ್ಕಿನ್ ಟ್ಯೂಮರ್' ಎನ್ನುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ ಅಂಥ 13 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಬಂದ ಹೆಸರು ಅದು. ಅಲ್ಲಿಂದ ಮುಂದೆ ಆ ಜಾಗದಲ್ಲಿ ನಾಳ ಬಿಗಿದಿದ್ದರೆ ಕ್ಯಾನ್ಸರೇ ಎಂದು ತಿಳಿಯುವುದು ವಾಡಿಕೆಯಾಯಿತು.

1985ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಶಸ್ತ್ರವೈದ್ಯರು ಒಂದು ಲೆಕ್ಕ ಮುಂದಿಟ್ಟರು. ಈ ಜಾಗದ ಕ್ಯಾನ್ಸರ್ ಎಂದು ಗುರುತಿಸಿದ್ದ 104 ರೋಗಿಗಳಲ್ಲಿ 8 ಮಂದಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ನಾಳದ ಗೋಡೆ ನಾರುಗಟ್ಟಿ ಬಿಗಿದಿತ್ತು ಅಷ್ಟೆ. ತಮ್ಮ ಲೇಖನದ ತಲೆಬರಹದಲ್ಲೇ ಅವರು ಇದನ್ನು ಮಾರಕ ರೋಗದ ವೇಷ ಎಂಬ ಅರ್ಥದ ಮಾತಿನಿಂದ ಕರೆದರು. ಆಮೇಲೆ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಿಂದಲೂ ಇಂಥ ಲೆಕ್ಕಗಳು ಬಂದವು. ಕ್ಯಾನ್ಸರ್ ಎಂದುಕೊಂಡು ಈ ಜಾಗದ ದೊಡ್ಡ ಆಪರೇಷನ್ ಮಾಡಿದವರಲ್ಲಿ ನೂರಕ್ಕೆ ಸುಮಾರು 5ರಿಂದ 15 ಮಂದಿಯಲ್ಲಿ ಕೊನೆಗೆ ಕ್ಯಾನ್ಸರ್ ಸಿಗಲಿಲ್ಲ.

ಇದನ್ನು ನಾನು ಭಾವನಿಗೆ ಹೇಳಿದಾಗ, ಜೀವನವಿಡೀ ಯಕ್ಷಗಾನ ನೋಡಿದ ಅವರು, "ಅಂದರೆ ಬಣ್ಣದ ವೇಷದ ಹಾಗೆ. ಚೌಕಿಗೆ ಹೋಗಿ ಬಣ್ಣ ತೆಗೆದ ಮೇಲೆಯೇ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದು" ಎಂದರು. ಅಷ್ಟರಲ್ಲಿ ಮಕ್ಕಳು ಮುಚ್ಚಿಟ್ಟ ಗುಟ್ಟು ಅವರಿಗೆ ತಿಳಿದಿತ್ತು. ಮನೆಯವರ ಮುಖ ನೋಡಿಯೇ ತಿಳಿಯಿತಂತೆ.

ಯಾವ ಯಾವ ಕಾಯಿಲೆಗಳು ಈ ವೇಷ ತೊಡುತ್ತವೆ? ಹಲವು.

ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಕಲ್ಲು ಪಕ್ಕದ ಮುಖ್ಯ ನಾಳವನ್ನು ಒತ್ತಿ ಬಿಗಿಯುವುದುಂಟು. ಅರ್ಜೆಂಟೀನಾದ ಶಸ್ತ್ರವೈದ್ಯ ಪಾಬ್ಲೊ ಮಿರಿಝಿ 1948ರಲ್ಲಿ ಇದನ್ನು ವಿವರಿಸಿದರು, ಹಾಗಾಗಿ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಿಂದೆ ಪಿತ್ತಕೋಶದ ಆಪರೇಷನ್ ಆಗಿದ್ದಾಗ ನಾಳಕ್ಕೆ ತಗಲಿದ ಪೆಟ್ಟು ನಿಧಾನವಾಗಿ ನಾರುಗಟ್ಟಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ತಡೆಯಾಗಬಹುದು. ಆದ್ದರಿಂದ ಹಳೆಯ ಆಪರೇಷನ್ ಎಷ್ಟೇ ಹಳೆಯದಾದರೂ ಡಾಕ್ಟರರಿಗೆ ಹೇಳಲೇಬೇಕು.

ನಮ್ಮ ದೇಶದಲ್ಲಿ ಕ್ಷಯರೋಗವನ್ನು ಮರೆಯುವಂತಿಲ್ಲ. ಯಕೃತ್ತಿನ ಬಾಗಿಲಲ್ಲಿರುವ ದುಗ್ಧಗ್ರಂಥಿಗಳಲ್ಲಿ ಕ್ಷಯ ಸೇರಿದರೆ ಅವು ಊದಿಕೊಂಡು ನಾಳವನ್ನು ಅದುಮುತ್ತವೆ. ಸ್ಕ್ಯಾನಿನಲ್ಲಿ ಅದು ಕ್ಯಾನ್ಸರ್ ಹರಡಿದಂತೆಯೇ ಕಾಣಬಹುದು. ಅದಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕ್ಷಯದ ಮಾತ್ರೆ. ಚಿಕ್ಕಂದಿನಲ್ಲಿ ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ಮುಚ್ಚಿಹೋದವರಲ್ಲಿ ಅದರ ಸುತ್ತ ಸಣ್ಣ ರಕ್ತನಾಳಗಳ ಗೋಜಲು ಬೆಳೆದು ಪಿತ್ತನಾಳವನ್ನು ಒತ್ತುವುದುಂಟು. ಇದನ್ನು ಗಡ್ಡೆಯೆಂದು ತಿಳಿದು ಸೂಜಿ ಹಾಕಿದರೆ ಅಪಾಯಕಾರಿ ರಕ್ತಸ್ರಾವ ಆಗಬಹುದು.

ದೆಹಲಿ ಕಡೆಯ ಓದುಗರು ಇನ್ನೊಂದನ್ನು ಕೇಳಿರಬಹುದು. ಗಂಗಾ ಬಯಲಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ದೇಶದ ಬೇರೆ ಕಡೆಗಿಂತ ಹೆಚ್ಚು. ಅಲ್ಲಿಯೇ ಅದನ್ನು ಹೋಲುವ ಇನ್ನೊಂದು ತೊಂದರೆಯೂ ಕಾಣಿಸುತ್ತದೆ. ಕಲ್ಲಿನಿಂದಾದ ಹಳೆಯ ಸೋಂಕಿನಲ್ಲಿ ಪಿತ್ತಕೋಶದ ಗೋಡೆ ದಪ್ಪಗಾಗಿ, ಸುತ್ತಲಿನ ಯಕೃತ್ತಿಗೂ ಕರುಳಿಗೂ ಅಂಟಿಕೊಂಡು ಗಡ್ಡೆಯಾಗುತ್ತದೆ. ಹೊಟ್ಟೆ ತೆರೆದ ಶಸ್ತ್ರವೈದ್ಯರಿಗೂ ಅದು ಕ್ಯಾನ್ಸರಿನಂತೆಯೇ ಕಾಣುತ್ತದೆ.

ಇವೆಲ್ಲ ಊತ, ಒತ್ತಡ, ಗಾಯದ ಕಥೆಗಳು. ಇನ್ನು ನಾಳದೊಳಗೆ ನಿಜವಾಗಿಯೇ ಬೆಳೆಯುವ, ಆದರೆ ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಇವೆ. ಅಡಿನೋಮಾ, ಪ್ಯಾಪಿಲೋಮಾ ಎಂದು ಕರೆಯುವ ಇವು ಅಪರೂಪ. ಇವುಗಳಲ್ಲಿ ಕೆಲವು ಕಾಲಾಂತರದಲ್ಲಿ ಕ್ಯಾನ್ಸರಿಗೆ ತಿರುಗಬಲ್ಲವು. ಆದ್ದರಿಂದ 'ಕ್ಯಾನ್ಸರ್ ಅಲ್ಲ' ಎಂದು ಬಂದರೂ ತೆಗೆಸಿ ಎಂದು ಡಾಕ್ಟರರು ಹೇಳಿದರೆ ಅದಕ್ಕೆ ಕಾರಣವಿದೆ.

ಭಾವನ ನಾಳದಲ್ಲಿ ಇದ್ದದ್ದು ಇವ್ಯಾವುವೂ ಅಲ್ಲ.

ಗಲ್ಲದ ಕೆಳಗಿನ ಊತ

ಮುಂಬಯಿಯ ಆಸ್ಪತ್ರೆಯಲ್ಲಿ ನಾವು ಕಂಡ ಡಾಕ್ಟರಮ್ಮ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕುವ ಮೊದಲು ಭಾವನನ್ನು ಮಂಚದ ಮೇಲೆ ಮಲಗಿಸಿ ನೋಡಿದರು. ಗಲ್ಲದ ಕೆಳಗೆ ಎರಡೂ ಬದಿ ಬೆರಳಿಟ್ಟು ಒತ್ತಿದರು. "ಇಲ್ಲಿ ಊದಿಕೊಂಡು ಎಷ್ಟು ದಿನವಾಯಿತು?" ಎಂದು ಹಿಂದಿಯಲ್ಲಿ ಕೇಳಿದರು. ಭಾವ ಅದನ್ನು ಹಲ್ಲಿನ ತೊಂದರೆ ಎಂದುಕೊಂಡಿದ್ದರು. ಬಾಯಿ ಒಣಗುತ್ತದೆಯೇ ಎಂದರೆ, ಹೌದು, ರಾತ್ರಿ ಎರಡು ಸಲ ಎದ್ದು ನೀರು ಕುಡಿಯುತ್ತೇನೆ ಎಂದರು. ಸಕ್ಕರೆ ಕಾಯಿಲೆ ಯಾವಾಗಿನಿಂದ ಎಂದರೆ, ಆರು ತಿಂಗಳಿಂದ. ಆಮೇಲೆ ಡಾಕ್ಟರಮ್ಮ ಸಿ.ಟಿ. ಚಿತ್ರ ತೆರೆದು ಮೇದೋಜೀರಕ ಗ್ರಂಥಿಯನ್ನು ತೋರಿಸಿದರು. ಅದು ಉದ್ದಕ್ಕೂ ಸಮನಾಗಿ ಊದಿತ್ತು.

ಪಿತ್ತನಾಳ, ಮೇದೋಜೀರಕ, ಎಂಜಲಿನ ಗ್ರಂಥಿ ಈ ಮೂರಕ್ಕೂ ಒಂದೇ ಕಾಯಿಲೆ ಕಾರಣವಾಗಿರಬಹುದು ಎಂದು ಅವರು ಹೇಳಿದರು. ಅದರ ಹೆಸರು ಐಜಿಜಿ-4 ಸಂಬಂಧಿ ಕಾಯಿಲೆ. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಐಜಿಜಿ ಎಂಬ ಪ್ರತಿಕಾಯಗಳಲ್ಲಿ ನಾಲ್ಕು ಬಗೆ. ನಾಲ್ಕನೆಯದು ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಈ ಕಾಯಿಲೆಯಲ್ಲಿ ಆ ಬಗೆಯ ಪ್ರತಿಕಾಯ ತಯಾರಿಸುವ ಕೋಶಗಳು ಅಂಗಗಳೊಳಗೆ ನುಗ್ಗಿ ಊತ ಹುಟ್ಟಿಸುತ್ತವೆ. ಊತ ನಾರುಗಟ್ಟುತ್ತದೆ, ನಾಳ ಬಿಗಿಯುತ್ತದೆ. ಹೆಚ್ಚಾಗಿ 50 ದಾಟಿದ ಗಂಡಸರಲ್ಲಿ ಕಾಣಿಸುತ್ತದೆ. ಮೇದೋಜೀರಕದ ಇಂಥ ಊತ ಇರುವವರ ರಕ್ತದಲ್ಲಿ ಐಜಿಜಿ-4 ಹೆಚ್ಚಿರುತ್ತದೆ ಎಂಬುದನ್ನು ಜಪಾನಿನ ವೈದ್ಯರು 2001ರಲ್ಲಿ ಪ್ರಕಟಿಸಿದರು. ಇದು ಹಲವು ಅಂಗಗಳಿಗೆ ತಗಲುವ ಒಂದೇ ಕಾಯಿಲೆ ಎಂಬ ತಿಳಿವಳಿಕೆ ಬೆಳೆದದ್ದು ಅದರ ನಂತರ. ಅಂದರೆ 1985ರ ಆ ಲಂಡನ್ ಡಾಕ್ಟರರಿಗೆ ಈ ಹೆಸರೇ ಗೊತ್ತಿರಲು ಸಾಧ್ಯವಿರಲಿಲ್ಲ.

ಆದರೆ ಡಾಕ್ಟರಮ್ಮ ಆ ದಿನ ಖುಷಿಯ ಮಾತು ಆಡಲಿಲ್ಲ. "ಕ್ಯಾನ್ಸರ್ ಅಲ್ಲ ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಹುಡುಕುತ್ತೇವೆ" ಎಂದರು.

ಮುಂದಿನ ಐದು ವಾರ ಆ ಹುಡುಕಾಟ ನಡೆಯಿತು. ಮೊದಲು ಇಆರ್‌ಸಿಪಿ. ಬಾಯಿಯಿಂದ ದುರ್ಬೀನು ಇಳಿಸಿ ಕರುಳಿನ ಬಾಯಿಯ ಮೂಲಕ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದರು. ಅದೇ ಹೊತ್ತಿಗೆ ಬಿಗಿದ ಜಾಗವನ್ನು ಸಣ್ಣ ಬ್ರಶ್ಶಿನಿಂದ ಉಜ್ಜಿ ಕೋಶಗಳನ್ನು ತೆಗೆದರು, ನಾಳ ಕರುಳಿಗೆ ತೆರೆಯುವ ಕಡೆಯಿಂದ ಚಿಕ್ಕ ತುಣುಕು ತೆಗೆದರು. ಪಿತ್ತ ಇಳಿಯತೊಡಗಿದ ಮೇಲೆ ತುರಿಕೆ ನಿಂತಿತು. ಬಿಲಿರುಬಿನ್ 14ರಿಂದ 3ಕ್ಕೆ ಬಂತು. ಆಗ ಮತ್ತೆ ಮಾಡಿಸಿದ ಸಿಎ 19-9 ಪರೀಕ್ಷೆ 480ರಿಂದ 52ಕ್ಕೆ ಇಳಿದಿತ್ತು.

ಈ ಅಂಕಿಯ ಬಗ್ಗೆ ಒಂದು ಮಾತು. ಪಿತ್ತ ಕಟ್ಟಿಕೊಂಡಿದ್ದರೆ ಕ್ಯಾನ್ಸರ್ ಇಲ್ಲದೆಯೂ ಸಿಎ 19-9 ನೂರಾರಕ್ಕೆ ಏರಬಹುದು. ಹಾಗಾಗಿ ಕಾಮಾಲೆ ಇಳಿದ ಮೇಲೆ ನೋಡಿದ ಅಂಕಿಗೇ ಹೆಚ್ಚು ಬೆಲೆ. ಇನ್ನೊಂದು ಕಡೆ, ನೂರಕ್ಕೆ ಐದರಿಂದ ಹತ್ತು ಜನರ ದೇಹ ಹುಟ್ಟಿನಿಂದಲೇ ಈ ವಸ್ತುವನ್ನು ತಯಾರಿಸುವುದಿಲ್ಲ. ಅವರಲ್ಲಿ ಕ್ಯಾನ್ಸರ್ ಇದ್ದರೂ ಅಂಕಿ ಏರುವುದಿಲ್ಲ. ಹೆಚ್ಚಿದ್ದರೆ ಕ್ಯಾನ್ಸರ್, ಕಡಿಮೆ ಇದ್ದರೆ ನಿಶ್ಚಿಂತೆ ಎಂಬ ಲೆಕ್ಕ ಎರಡೂ ಕಡೆ ಕೈಕೊಡುತ್ತದೆ.

ಐಜಿಜಿ-4 ಪರೀಕ್ಷೆ 135ರ ಆಸುಪಾಸಿನೊಳಗೆ ಇರಬೇಕಾದದ್ದು 610 ಬಂತು. ಅಷ್ಟಕ್ಕೇ ತೀರ್ಪಾಗಲಿಲ್ಲ. ಪಿತ್ತನಾಳದ ಕ್ಯಾನ್ಸರ್ ಇರುವ ಕೆಲವರಲ್ಲೂ ಇದು ಹೆಚ್ಚಿರುತ್ತದೆ. ಐಜಿಜಿ-4 ಕಾಯಿಲೆ ಇದ್ದೂ ರಕ್ತದಲ್ಲಿ ಸಹಜ ಅಂಕಿ ಇರುವವರಿದ್ದಾರೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿ ಮೇದೋಜೀರಕದಿಂದಲೂ ಸೂಜಿಯ ಮೂಲಕ ತುಣುಕು ತೆಗೆದರು. ಯಾವ ತುಣುಕಿನಲ್ಲೂ ಕ್ಯಾನ್ಸರ್ ಕಾಣಲಿಲ್ಲ, ಐಜಿಜಿ-4 ಕೋಶಗಳು ಧಾರಾಳವಾಗಿ ಕಂಡವು. ಕೊನೆಗೆ ಹೊಟ್ಟೆಯ ತಜ್ಞರು, ಶಸ್ತ್ರವೈದ್ಯರು, ರೇಡಿಯಾಲಜಿ ಮತ್ತು ಪೆಥಾಲಜಿ ಡಾಕ್ಟರರು ಕೂತು ಚರ್ಚಿಸಿ ಔಷಧ ಶುರು ಮಾಡೋಣ ಎಂದರು. ಔಷಧ ಎಂದರೆ ಸ್ಟೆರಾಯ್ಡ್ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ.

ಮೂರು ವಾರದ ಮೇಲೆ ಮತ್ತೆ ಸ್ಕ್ಯಾನ್. ಬಿಗಿದಿದ್ದ ನಾಳ ಬಿಚ್ಚಿಕೊಂಡಿತ್ತು. ಗಲ್ಲದ ಕೆಳಗಿನ ಊತ ಇಳಿದಿತ್ತು.

ಆಪರೇಷನ್ ಆಗಿದ್ದರೆ ಏನಾಗುತ್ತಿತ್ತು ಎಂದು ಶಸ್ತ್ರವೈದ್ಯರನ್ನು ಭಾವನ ಮಗ ಕೇಳಿದ. ಆ ಜಾಗದ ಕ್ಯಾನ್ಸರಿಗೆ ಪಿತ್ತನಾಳದ ಜೊತೆಗೆ ಯಕೃತ್ತಿನ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಭಾಗವನ್ನೂ ತೆಗೆಯಬೇಕಾಗುತ್ತದೆ. ಉಳಿದ ನಾಳವನ್ನು ಕರುಳಿಗೆ ಜೋಡಿಸುತ್ತಾರೆ. ಅನುಭವಿಗಳ ಕೈಯಲ್ಲೂ ಇದು ಜೀವದ ಅಪಾಯ ಇರುವ ಆಪರೇಷನ್. ಕ್ಯಾನ್ಸರ್ ಇದ್ದವರಿಗೆ ಗುಣವಾಗುವ ಮುಖ್ಯ ದಾರಿಯೂ ಅದೇ.

ಪಕ್ಕದ ಹಾಸಿಗೆ

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಅರ್ಧ ಸತ್ಯವಾಗುತ್ತದೆ. ವಾರ್ಡಿನಲ್ಲಿ ಭಾವನ ಪಕ್ಕದ ಹಾಸಿಗೆಯಲ್ಲಿ ಸೊಲ್ಲಾಪುರದ ನಿವೃತ್ತ ಮಾಸ್ತರರೊಬ್ಬರಿದ್ದರು. ಕನ್ನಡ ಮಾತಾಡುವವರು. ಕನ್ನಡ ಕೇಳಿದ ಕೂಡಲೇ, "ಯಾವೂರ್ರೀ ನಿಮ್ದು?" ಎಂದು ಅಕ್ಕನನ್ನು ಮಾತಾಡಿಸಿದವರು ಅವರೇ. ಅವರಿಗೂ ಅದೇ ಜಾಗದ ತಡೆ, ಅದೇ ಸ್ಟೆಂಟ್, ಅದೇ ಬ್ರಶ್ ಪರೀಕ್ಷೆ. ಫಲಿತಾಂಶ 'ನೆಗೆಟಿವ್' ಎಂದು ಬಂದ ದಿನ ಅವರ ಮನೆಯವರು ಪೇಡೆ ಹಂಚಿದರು. ಊರಿಗೆ ಹೊರಡಲು ಚೀಲ ಕಟ್ಟಿದ್ದರು.

ಡಾಕ್ಟರರು ಬಿಡಲಿಲ್ಲ. ಪಿತ್ತನಾಳದ ಕ್ಯಾನ್ಸರ್ ಎಷ್ಟೋ ಸಲ ಗಟ್ಟಿ ನಾರಿನ ನಡುವೆ ಅಲ್ಲಲ್ಲಿ ಅಡಗಿದ ಕೆಲವೇ ಕೋಶಗಳಾಗಿರುತ್ತದೆ. ಬ್ರಶ್ಶಿನಿಂದ ಉಜ್ಜಿದಾಗ ಅವು ಸಿಗದೇ ಹೋಗುವುದೇ ಹೆಚ್ಚು. ಕ್ಯಾನ್ಸರ್ ಇರುವವರಲ್ಲಿಯೂ ಈ ಪರೀಕ್ಷೆ ಸುಮಾರು ಅರ್ಧದಷ್ಟು ಸಲ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸಲ ಅದನ್ನು ಹಿಡಿಯುವುದಿಲ್ಲ. ಬ್ರಶ್ಶಿನಲ್ಲಿ ಕ್ಯಾನ್ಸರ್ ಸಿಕ್ಕಿದರೆ ಅದನ್ನು ನಂಬಬಹುದು, ಸಿಗದಿದ್ದರೆ ಇಲ್ಲ ಎನ್ನುವಂತಿಲ್ಲ ಎಂದು ಅವರಿಗೆ ತಿಳಿಹೇಳಿದರು. ಎರಡನೆಯ ಸಲ ನಾಳದೊಳಕ್ಕೇ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಿಂದ ನೋಡಿ ತುಣುಕು ತೆಗೆದರು. ಅದರಲ್ಲಿ ಕ್ಯಾನ್ಸರ್ ಸಿಕ್ಕಿತು. ಆಪರೇಷನ್ ಮಾಡಬಹುದಾದ ಹಂತದಲ್ಲೇ ಇತ್ತು, ಮಾಡಿದರು. ಪೇಡೆ ತಿಂದು ಊರಿಗೆ ಹೋಗಿದ್ದರೆ ಆ ಹಂತ ದಾಟಿಹೋಗಬಹುದಿತ್ತು. ಅವರು ಡಿಸ್ಚಾರ್ಜ್ ಆಗುವ ತನಕ ಅಕ್ಕ ದಿನಾ ಅವರಿಗೂ ಒಂದು ಡಬ್ಬಿ ಗಂಜಿ ಒಯ್ಯುತ್ತಿದ್ದಳು.

ಆ ಎರಡು ಹಾಸಿಗೆಗಳಿಂದ ನಾನು ತಿಳಿದುಕೊಂಡದ್ದು ಇಷ್ಟು. ಕ್ಯಾನ್ಸರಿನಂತೆ ಕಂಡದ್ದು ಕ್ಯಾನ್ಸರ್ ಅಲ್ಲದಿರಬಹುದು. ಅಲ್ಲ ಎಂದು ಬಂದ ಪರೀಕ್ಷೆಯೂ ಕೊನೆಯ ಮಾತಲ್ಲದಿರಬಹುದು. ಭಯದಿಂದ ಕೈಚೆಲ್ಲುವುದು, ಆಸೆಯಿಂದ ಊರಿಗೆ ಹೊರಡುವುದು ಎರಡರ ಬೆಲೆಯೂ ಒಂದೇ. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಎಲ್ಲ ಪರೀಕ್ಷೆಗಳ ಮೇಲೂ ಸಂಶಯ ಉಳಿದರೆ ಆಪರೇಷನ್ ಮಾಡಿಸುವುದೇ ಸರಿ ಎಂದು ಡಾಕ್ಟರರು ಹೇಳಬಹುದು. ಆಮೇಲೆ ತೆಗೆದ ಭಾಗದಲ್ಲಿ ಕ್ಯಾನ್ಸರ್ ಸಿಗದೇ ಹೋದರೆ ಅದನ್ನು ಮೋಸ ಎನ್ನಲಾಗದು. ಕ್ಯಾನ್ಸರನ್ನು ಬಿಟ್ಟುಬಿಡುವ ಅಪಾಯ ಅದಕ್ಕಿಂತ ದೊಡ್ಡದಾಗಿತ್ತು ಎಂದಷ್ಟೇ ಅರ್ಥ.

ಕೇಳಬೇಕಾದ ಪ್ರಶ್ನೆಗಳು

ನಮ್ಮ ಮನೆಗಳಿಗೆ ಊರಿಂದ ರೋಗಿಗಳು ಬರುತ್ತಲೇ ಇರುತ್ತಾರೆ. ಪರೇಲಿನ ಟಾಟಾ ಆಸ್ಪತ್ರೆಯ ದಾರಿ ಗೊತ್ತಿಲ್ಲದ ಮುಂಬಯಿ ಕನ್ನಡಿಗರು ಕಡಿಮೆ. ಹಾಗಾಗಿ ಜೊತೆಗೆ ಹೋಗುವವರು ಏನು ಮಾಡಬಹುದು ಎಂಬುದನ್ನು ನನ್ನ ಅನುಭವಕ್ಕೆ ಬಂದಷ್ಟು ಹೇಳುತ್ತೇನೆ.

ಸ್ಕ್ಯಾನಿನ ಕಾಗದ ಮಾತ್ರ ಸಾಲದು, ಸಿ.ಡಿ. ಬೇಕು. ಎರಡನೆಯ ಡಾಕ್ಟರರು ಚಿತ್ರವನ್ನು ತಾವೇ ನೋಡಬೇಕು. ಸಾಧ್ಯವಿದ್ದರೆ ಸ್ಟೆಂಟ್ ಹಾಕುವ ಮೊದಲೇ ಒಳ್ಳೆಯ ಎಂಆರ್‌ಐ ಆಗಿರಲಿ. ಸ್ಟೆಂಟ್ ಹಾಕಿದ ಮೇಲೆ ನಾಳದ ಗೋಡೆ ಅದರಿಂದಲೇ ಊದಿಕೊಂಡು ಚಿತ್ರ ಗೊಂದಲವಾಗುತ್ತದೆ. ಊರಿನಲ್ಲಿ ಬಯಾಪ್ಸಿ ಆಗಿದ್ದರೆ ವರದಿಯೊಂದಿಗೆ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ತನ್ನಿ. ಬೇರೆ ಪೆಥಾಲಜಿಸ್ಟ್ ಅದನ್ನೇ ಮತ್ತೆ ನೋಡಬಹುದು.

ಡಾಕ್ಟರರ ಮುಂದೆ ಕೂತಾಗ ಸಂಕೋಚ ಬೇಡ. ಕ್ಯಾನ್ಸರ್ ಎಂಬುದು ತುಣುಕಿನಿಂದ ಖಚಿತವಾಗಿದೆಯೇ, ಸ್ಕ್ಯಾನಿನ ಸಂಶಯವೇ? ಐಜಿಜಿ-4 ನೋಡಿದ್ದಾರೆಯೇ? ಕ್ಷಯ ಇರಬಹುದೇ? ಕಾಮಾಲೆ ಇಳಿದ ಮೇಲೆ ಸಿಎ 19-9 ಮತ್ತೆ ಮಾಡುತ್ತೀರಾ? ಎಲ್ಲ ವಿಭಾಗದವರು ಒಟ್ಟಿಗೆ ಕೂತು ಚರ್ಚಿಸಿದ್ದಾರೆಯೇ? ಒಳ್ಳೆಯ ಡಾಕ್ಟರರು ಇಂಥ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ನಮ್ಮ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು.

ರೋಗಿಯೂ ಮೈಯಲ್ಲಿ ಆದ ಎಲ್ಲವನ್ನೂ ಹೇಳಬೇಕು. ಗಲ್ಲದ ಊತಕ್ಕೂ ಕಾಮಾಲೆಗೂ ಏನು ಸಂಬಂಧ ಎಂದು ಬಿಟ್ಟುಬಿಡಬಾರದು. ಅದಕ್ಕೆ ರೋಗಿಗೆ ತನ್ನ ಕಾಯಿಲೆಯ ವಿಷಯ ತಿಳಿದಿರಬೇಕು. ಮುಚ್ಚಿಟ್ಟರೆ ಡಾಕ್ಟರರು ಕೇಳುವ ಪ್ರಶ್ನೆಗೆ ಮಕ್ಕಳು ಉತ್ತರ ಹೇಳುತ್ತಾ ಕೂರುತ್ತಾರೆ. ಗಲ್ಲದ ಊತ ಮಕ್ಕಳಿಗೆ ಗೊತ್ತಿರುವುದಿಲ್ಲ.

ಸ್ಟೆಂಟ್ ಹಾಕಿದ ಮೇಲೆ ಚಳಿ ನಡುಗಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ನಾಳದಲ್ಲಿ ಸೋಂಕಾಗಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟಿಕ್ ಸ್ಟೆಂಟನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಇದನ್ನು ಓದಿ ಯಾರೂ ಸ್ವಂತವಾಗಿ ಸ್ಟೆರಾಯ್ಡ್ ತೆಗೆದುಕೊಳ್ಳಬಾರದು. ಕ್ಷಯ ಇದ್ದರೆ ಅದು ಉಲ್ಬಣಿಸುತ್ತದೆ, ಸಕ್ಕರೆ ಏರುತ್ತದೆ. ಕ್ಯಾನ್ಸರ್ ಇದ್ದರೆ ಸುತ್ತಲಿನ ಊತ ಸ್ವಲ್ಪ ಇಳಿದು ಗುಣವಾಯಿತೆಂಬ ಭ್ರಮೆ ಹುಟ್ಟಬಹುದು. ತುಣುಕಿನಲ್ಲಿ ಕ್ಯಾನ್ಸರ್ ಹುಡುಕಿದ ಮೇಲೆಯೇ, ಡಾಕ್ಟರರ ಕಣ್ಣಳತೆಯಲ್ಲಿ, ನಿಗದಿತ ದಿನಕ್ಕೆ ಮತ್ತೆ ಸ್ಕ್ಯಾನ್ ಮಾಡುವ ಒಪ್ಪಂದದ ಮೇಲೆ ಕೊಡುವ ಮದ್ದು ಅದು.

ಭಾವ ಈಗ ಹೇಗಿದ್ದಾರೆ ಎಂದು ಕೇಳಬಹುದು. ಸ್ಟೆಂಟ್ ತೆಗೆದಾಗಿದೆ. ಮಗಳ ಮದುವೆ ಅವಸರವಿಲ್ಲದೆ, ಅವಳ ಪರೀಕ್ಷೆ ಮುಗಿದ ಮೇಲೆ ಆಯಿತು. ಅಂಗಡಿಯ ಕಾಗದ ಹಾಗೆಯೇ ಕಪಾಟಿನಲ್ಲಿದೆ. ಆದರೆ ಕಾಯಿಲೆ ಪೂರ್ತಿ ಬಿಟ್ಟುಹೋಗುವಂಥದ್ದಲ್ಲ. ಮಾತ್ರೆ ಇಳಿಸುತ್ತಾ ಬಂದಾಗ ಮರುಕಳಿಸುವುದು ಇದರ ಸ್ವಭಾವ. ಕಳೆದ ಮಳೆಗಾಲದಲ್ಲಿ ಮತ್ತೆ ಕಣ್ಣು ಹಳದಿಯಾಯಿತು. ಈ ಸಲ ಯಾರೂ ನೆಲನೆಲ್ಲಿ ಹುಡುಕಲಿಲ್ಲ, ನಾಲ್ಕನೆಯ ದಿನ ಆಸ್ಪತ್ರೆಯಲ್ಲಿದ್ದರು. ಮಾತ್ರೆಯ ಪ್ರಮಾಣ ಏರಿಸಿ, ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿದರು. ಸಕ್ಕರೆಗೆ ಇನ್ಸುಲಿನ್ ಬೇಕಾಗಿದೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಡಾಕ್ಟರರು ಹೇಳಿದಾಗ ಸ್ಕ್ಯಾನ್. ಮುಂದಿನ ಪರೀಕ್ಷೆ ಚೌತಿಯ ಮರುವಾರ. ಹಬ್ಬ ಇದೆ, ಆಮೇಲೆ ನೋಡೋಣ ಎಂದು ಭಾವ ಹೇಳಿ ನೋಡಿದರು. ಅಕ್ಕ ಒಪ್ಪಲಿಲ್ಲ, ಟಿಕೆಟ್ ಮಾಡಿಸಿಯಾಗಿದೆ.